ಕುಟುಂಬದ ಬಂಡವಾಳ

‘ಕುಟುಂಬ’ ಎಂಬ ಪದಕ್ಕೆ ಮನೆಮಂದಿಯೆಲ್ಲ ಎಂಬ ಅರ್ಥದೊಡನೆ, ಹಿಂದಿನ ತಲೆಮಾರಿನ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹೆಂಡತಿ ಎಂಬ ಅರ್ಥವುಂಟು. ಒಬೆರಾಯ್ ಮನೆತನದ ಹೋಟೆಲು ಉದ್ಯಮ ಬೆಳೆದ ಬಗೆಯನ್ನು ಅರಿಯಲು ಈ ಎರಡು ಅರ್ಥಗಳೂ ಬೇಕು.

1922ರಲ್ಲಿ ಮೋಹನಸಿಂಗ್ ಒಬೆರಾಯ್ ಸಿಮ್ಲಾದ ಸೆಸಿಲ್ ಹೋಟೆಲಿಗೆ ತಿಂಗಳಿಗೆ 50 ರೂಪಾಯಿ ಸಂಬಳದ ಗುಮಾಸ್ತರಾಗಿ ಸೇರಿದರು. ಆರು ತಿಂಗಳ ಕೂಸಾಗಿದ್ದಾಗಲೇ ತಂದೆಯನ್ನು ಕಳೆದುಕೊಂಡಿದ್ದ ಅವರಿಗೆ ಪಿತ್ರಾರ್ಜಿತದ ಆಸರೆ ಇರಲಿಲ್ಲ. ಹೋಟೆಲು ನಡೆಸುವ ವಿದ್ಯೆ ಪರರ ಚಾಕರಿಯಲ್ಲಿ ಕೈಗೂಡಿತು. ಹಣ ಮಾತ್ರ ಕೂಡಿರಲಿಲ್ಲ. 1934ರಲ್ಲಿ ಅದೇ ಊರಿನ ಕ್ಲಾರ್ಕ್ಸ್ ಹೋಟೆಲನ್ನು ಕೊಳ್ಳುವಾಗ, ಇದ್ದಬದ್ದ ಆಸ್ತಿಯೊಡನೆ ಮಡದಿ ಇಶ್ರಾನ್ ದೇವಿಯವರ ಒಡವೆಗಳೂ ಒತ್ತೆಗೆ ಹೋದವು. ಸ್ತ್ರೀಧನವೆಂದರೆ ಕಷ್ಟಕಾಲಕ್ಕೆ ಹೆಣ್ಣಿಗಿದ್ದ ಕಡೆಯ ಆಸರೆ. ವ್ಯಾಪಾರ ಕೈಕೊಟ್ಟಿದ್ದರೆ ಅದೂ ಮುಳುಗುತ್ತಿತ್ತು.

1938ರಲ್ಲಿ, ಸಾಂಕ್ರಾಮಿಕ ರೋಗದಿಂದ ಹೆಸರು ಕೆಟ್ಟು ಮುಚ್ಚಿಹೋಗಿದ್ದ ಕಲಕತ್ತೆಯ ಗ್ರ್ಯಾಂಡ್ ಹೋಟೆಲನ್ನು ಅವರು ಗುತ್ತಿಗೆಗೆ ಪಡೆದರು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಅಲ್ಲಿ ಸೈನಿಕರು ಬಿಡಾರ ಹೂಡಿದರು. ಬರಿದಾಗಿದ್ದ ಕೋಣೆಗಳು ತುಂಬಿದವು. 1943ರಲ್ಲಿ ಅಸೋಸಿಯೇಟೆಡ್ ಹೋಟೆಲ್ಸ್ ಆಫ್ ಇಂಡಿಯಾ ಸಂಸ್ಥೆಯ ಹಿಡಿತ ಕೈಸೇರಿದಾಗ, ತಾವು ಗುಮಾಸ್ತಿಕೆ ಮಾಡಿದ್ದ ಸೆಸಿಲ್ ಕೂಡ ಅವರದಾಯಿತು. ಮುಂದೆ ಮಕ್ಕಳು, ಮೊಮ್ಮಕ್ಕಳು ಉದ್ಯಮವನ್ನು ಹೊರದೇಶಗಳಿಗೂ ವಿಸ್ತರಿಸಿದರು.

ಹೋಟೆಲುಗಳ ನಾಮಫಲಕದಲ್ಲಿ ಇಂದಿಗೂ ಮನೆತನದ ಹೆಸರಿದೆ. ಮೊದಲ ಬಂಡವಾಳದ ಲೆಕ್ಕ ತೆಗೆದರೆ ಅಲ್ಲಿ ಇಶ್ರಾನ್ ದೇವಿಯವರ ಪಾಲೂ ಕಾಣುತ್ತದೆ. ಹಳೆಯ ಅರ್ಥದ ‘ಕುಟುಂಬ’ವನ್ನು ಮರೆತು ಕುಟುಂಬದ ಉದ್ಯಮವೆಂದರೆ ಆ ಲೆಕ್ಕ ಪೂರ್ತಿಯಾಗದು.