ಗಡಿಯಾರದ ಸುರುಳಿ

ನಮ್ಮ ತೀರ್ಥರೂಪರ ಕೈಗಡಿಯಾರವು ಒಂದು ಭಾನುವಾರ ಬೆಳಿಗ್ಗೆ ನಿಂತುಹೋಯಿತು. ೧೯೬೧ರಲ್ಲಿ ಎಚ್.ಎಂ.ಟಿ. ಸಂಸ್ಥೆಯವರು ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಗಡಿಯಾರಗಳನ್ನು ಮಾಡತೊಡಗುವುದಕ್ಕೂ ಮುಂಚೆ ಕೊಂಡ ಪರದೇಶದ ಗಡಿಯಾರವದು. ಅವರು ತೀರಿಕೊಂಡ ಮೇಲೆ ದಿನವೂ ಅದಕ್ಕೆ ಕೀಲಿ ಕೊಡುವುದು ನಮ್ಮ ಮನೆಯಲ್ಲಿ ಒಂದು ವ್ರತದಂತಾಗಿತ್ತು. ಅಂದು ಕೀಲಿ ಕೊಟ್ಟವನು ನನ್ನ ಒಂಬತ್ತು ವರ್ಷದ ಮೊಮ್ಮಗ. ಒಳಗೆ ‘ಟಕ್’ ಎಂದು ಸದ್ದಾಯಿತು. “ಅತಿಯಾಗಿ ತಿರುಗಿಸಿ ಮುತ್ತಾತನ ಗಡಿಯಾರವನ್ನು ಹಾಳುಮಾಡಿದೆಯಲ್ಲಾ!” ಎಂದು ಗದರಿದೆನು. ಹುಡುಗನು ಆ ಹೊತ್ತು ಊಟಕ್ಕೆ ಏಳಲಿಲ್ಲ.

ಮರುದಿನ ಜಯನಗರದ ನಾಲ್ಕನೆಯ ಬ್ಲಾಕಿನಲ್ಲಿ ಗಡಿಯಾರ ರಿಪೇರಿ ಮಾಡುವ ವೃದ್ಧರೊಬ್ಬರ ಬಳಿಗೆ ಹೋದೆನು. ಅವರು ಮುರಿದ ಸ್ಪ್ರಿಂಗನ್ನು ಹೊರತೆಗೆದು, ಭೂತಗನ್ನಡಿಯನ್ನು ನನ್ನ ಕೈಗಿತ್ತು, “ನೋಡಿ ಸ್ವಾಮಿ, ಮುರಿದ ಕಡೆ ಹೊರಮೈಯಲ್ಲಿ ತುಕ್ಕಿನ ಚುಕ್ಕೆಯಿದೆ. ಇದು ಮಗುವಿನ ತಪ್ಪಲ್ಲ” ಎಂದರು.

ಆ ಮಾತಿನ ಮರ್ಮವನ್ನು ವಾಚಕರಿಗೂ ತಿಳಿಸುತ್ತೇನೆ. ಗಡಿಯಾರದ ಸ್ಪ್ರಿಂಗೆಂದರೆ ತೆಳುವಾದ ಉಕ್ಕಿನ ಪಟ್ಟಿ. ನೆಟ್ಟಗಿರುವ ಪಟ್ಟಿಯನ್ನು ಬಾಗಿಸಿದರೆ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ, ನಟ್ಟನಡುವಿನ ಪದರವು ಇದ್ದಷ್ಟೇ ಇರುತ್ತದೆ. ಹೊರಮೈಯ ಹಿಗ್ಗನ್ನು ತಿಳಿಯಲು ದಪ್ಪದ ಅರ್ಧವನ್ನು ಬಾಗಿನ ತ್ರಿಜ್ಯದಿಂದ ಭಾಗಿಸಬೇಕು. ದಪ್ಪವು ಮಿಲಿಮೀಟರಿನ ಹತ್ತನೆಯ ಒಂದು ಪಾಲು, ತ್ರಿಜ್ಯವು ೧೦ ಮಿಲಿಮೀಟರು ಆದರೆ, ಹೊರಮೈ ೨೦೦ರಲ್ಲಿ ೧ ಪಾಲು ಹಿಗ್ಗುವುದು. ಮೆದು ಉಕ್ಕಾದರೆ ಇದರ ಕಾಲುಭಾಗಕ್ಕೇ ಸೋತು, ಬಾಗಿದಂತೆಯೇ ಉಳಿದುಬಿಡುತ್ತದೆ. ಕಾಯಿಸಿ ತಣಿಸಿ ಹದಮಾಡಿದ ಸ್ಪ್ರಿಂಗಿನ ಉಕ್ಕು ಹಿಂದಿರುಗುತ್ತದೆ. ಹಿಗ್ಗಿದಷ್ಟೂ ಒಳಗಣ ಬಿಗಿತವು ಹೆಚ್ಚುವುದೆಂಬ ನಿಯಮವನ್ನು ರಾಬರ್ಟ್ ಹುಕ್ ಎಂಬ ಪಂಡಿತನು ೧೬೭೮ರಲ್ಲಿ ಪ್ರಕಟಿಸಿದನು. ಬಿಗಿತವು ಮೈಮೇಲೆಯೇ ಅತ್ಯಧಿಕವಾದುದರಿಂದ, ಅಲ್ಲಿನ ಸಣ್ಣ ತುಕ್ಕೂ ಬಿರುಕಿಗೆ ಬಾಗಿಲಾಗುತ್ತದೆ.

ಕೀಲಿ ಪೂರ್ತಿಯಾದಾಗ ಸುರುಳಿಗಳು ನಡುವಿನ ಕಡ್ಡಿಗೆ ಒತ್ತಾಗಿ ಸುತ್ತಿಕೊಳ್ಳುತ್ತವೆ. ಆ ಮೇಲೆ ಬಾಗಲು ಎಡೆಯೇ ಇಲ್ಲ. ಎಳೆಯ ಬೆರಳು ಅದನ್ನು ಇನ್ನೆಷ್ಟು ಬಾಗಿಸೀತು? ಆದರೆ ದಿನಕ್ಕೊಂದು ಬಾಗಿನಂತೆ ಮೂವತ್ತು ವರ್ಷಗಳಿಗೆ ಹತ್ತು ಸಾವಿರಕ್ಕೂ ಮೇಲಾಗುತ್ತದೆ. ಬಿರುಕು ಇಷ್ಟಿಷ್ಟೇ ಬೆಳೆದು, ಒಂದು ದಿನ ಪಟ್ಟಿ ತುಂಡಾಗುತ್ತದೆ.

ಮನೆಗೆ ಬಂದು ಮೊಮ್ಮಗನನ್ನು ಕರೆದೆನು. ಹಳೆಯ ಮೊರವೊಂದರಿಂದ ತೆಳುವಾದ ಬಿದಿರಿನ ಸೀಳನ್ನೂ ಅಂಚಿನ ದಪ್ಪ ಸೀಳನ್ನೂ ಬಿಡಿಸಿ ಅವನ ಕೈಗೆ ಕೊಟ್ಟೆನು. ತೆಳುವಾದುದು ಬಳೆಯಂತೆ ಬಾಗಿತು. ದಪ್ಪನೆಯದು ಅರ್ಧಕ್ಕೇ ಹೊರಮೈಯಲ್ಲಿ ಬಿರಿಯಿತು. “ಹಾಗಾದರೆ ನಾನು ಮುರಿಯಲಿಲ್ಲವೇ, ತಾತ?” ಎಂದನು. “ಇಲ್ಲಪ್ಪ, ತಪ್ಪು ನನ್ನದು” ಎಂದೆನು.

ಬಹುದಿನ ಬಾಗಿ ಬಾಗಿ ಸವೆದುದು ಮುರಿದಾಗ, ಕೊನೆಗೆ ಮುಟ್ಟಿದ ಕೈಯನ್ನು ದೂರುವುದು ನಮಗೆ ಸುಲಭ. ಹೊಸ ಸ್ಪ್ರಿಂಗು ಹಾಕಿಸಿದ ಗಡಿಯಾರಕ್ಕೆ ಈಗ ದಿನವೂ ಕೀಲಿ ಕೊಡುವವನು ಅವನೇ.