ಅಳತೆಗೋಲಿನ ಮುಂದೆ ನಿಂತ ಮಗು

ಬೆಂಗಳೂರಿನಿಂದ ಮೈಸೂರಿನ ಕಡೆ ಹೊರಟವರಿಗೆ ಬಿಡದಿ ಎಂದರೆ ಒಂದು ಕಾಲಕ್ಕೆ ತಟ್ಟೆ ಇಡ್ಲಿ ಮಾತ್ರ. ಬಸ್ಸು ನಿಂತರೆ ಸಾಕು, ಬೆಣ್ಣೆ ಹಾಕಿದ ಬಿಸಿ ಇಡ್ಲಿಗೆ ದೊಡ್ಡವರು ಮುಗಿಬೀಳುತ್ತಿದ್ದರು. ಇಡ್ಲಿಯ ರುಚಿ ಈಗಲೂ ಇದೆ. ಆದರೆ ಮಕ್ಕಳನ್ನು ಕೇಳಿ ನೋಡಿ, ಬಿಡದಿ ಎಂದೊಡನೆ ಅವರ ಬಾಯಿಂದ ಬರುವ ಹೆಸರೇ ಬೇರೆ. 2005ರಲ್ಲಿ ಇಲ್ಲಿಗೆ ಸಮೀಪ, ನಗರದಿಂದ ಸುಮಾರು 28 ಕಿಲೋಮೀಟರ್ ದೂರದಲ್ಲಿ ವಂಡರ್‌ಲಾ ಥೀಮ್ ಪಾರ್ಕ್ ಬಾಗಿಲು ತೆರೆಯಿತು. ಅಂದಿನಿಂದ ಬೇಸಿಗೆ ರಜೆ ಬಂತೆಂದರೆ ಅನೇಕ ಮನೆಗಳಲ್ಲಿ ಒಂದೇ ರಾಗ: ‘ನಮ್ಮನ್ನು ಯಾವಾಗ ಕರೆದುಕೊಂಡು ಹೋಗ್ತೀರಿ?’

ಇದಕ್ಕೆ ಅಪ್ಪ ಅಮ್ಮಂದಿರ ಬಳಿ ಸಿದ್ಧ ಉತ್ತರವೂ ಉಂಟು. ‘ಇನ್ನೂ ಸ್ವಲ್ಪ ದೊಡ್ಡವನಾಗು, ಆಮೇಲೆ ನೋಡೋಣ.’ ಆ ‘ಸ್ವಲ್ಪ’ ಎಂದರೆ ಎಷ್ಟು? ಪ್ರಶ್ನೆ ಸಣ್ಣದಲ್ಲ. ನಾಲ್ಕು ಜನರ ಸಂಸಾರ ದೂರದ ಊರಿನಿಂದ ಬಂದು ಒಂದು ದಿನ ಇಲ್ಲಿ ಕಳೆದು ಹೋಗುವುದೆಂದರೆ ಹಲವು ಸಾವಿರ ರೂಪಾಯಿಗಳ ಮಾತು. ತಿಂಗಳ ಸಂಬಳವನ್ನೇ ನಂಬಿದವರಿಗೆ ಇಂಥ ಪ್ರವಾಸ ವರ್ಷಕ್ಕೊಮ್ಮೆ ಬರುವಂಥದ್ದಲ್ಲ, ಬಾಲ್ಯಕ್ಕೊಮ್ಮೆ ಬರುವಂಥದ್ದು. ತೀರಾ ಬೇಗ ಹೋದರೆ ಮಗುವಿಗೆ ನೆನಪಿರುವುದಿಲ್ಲ, ತೀರಾ ತಡವಾದರೆ ಮಗು ಮಗುವಾಗಿ ಉಳಿದಿರುವುದಿಲ್ಲ.

ವಯಸ್ಸು ಕೇಳದ ಬಾಗಿಲು

ಬಸ್ಸಿನ ಕಂಡಕ್ಟರ್ ಮಗುವಿನ ವಯಸ್ಸು ಕೇಳುತ್ತಾನೆ. ರೈಲಿನಲ್ಲೂ ವಯಸ್ಸಿನದೇ ಲೆಕ್ಕ. ಥೀಮ್ ಪಾರ್ಕಿನ ಬಾಗಿಲಲ್ಲಿ ಮಾತ್ರ ಲೆಕ್ಕ ಬೇರೆ, ಅಲ್ಲಿ ಎತ್ತರ ನೋಡುತ್ತಾರೆ. ವಂಡರ್‌ಲಾದಲ್ಲಿ 85 ಸೆಂಟಿಮೀಟರಿಗಿಂತ ಕುಳ್ಳಗಿರುವ ಮಗುವಿಗೆ ಟಿಕೆಟ್ ಬೇಡ. ಅಲ್ಲಿಂದ 140 ಸೆಂಟಿಮೀಟರಿನವರೆಗೆ ಮಕ್ಕಳ ಟಿಕೆಟ್. ಅದನ್ನು ದಾಟಿದರೆ ದೊಡ್ಡವರ ಟಿಕೆಟ್. ಒಳಗೆ ಹೋದ ಮೇಲೂ ಪ್ರತಿ ಆಟಕ್ಕೆ ಇಂತಿಷ್ಟು ಎತ್ತರವಿರಬೇಕು ಎಂಬ ನಿಯಮವಿದೆ.

ಈ ಅಂಕಿಗಳನ್ನು ವಯಸ್ಸಿಗೆ ಹೊಂದಿಸಿ ನೋಡುವುದು ಕಷ್ಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಂತೆ ಎರಡು ವರ್ಷದ ಮಗುವಿನ ಸರಾಸರಿ ಎತ್ತರ ಸುಮಾರು 87 ಸೆಂಟಿಮೀಟರ್. ಐದು ವರ್ಷಕ್ಕೆ ಸುಮಾರು 110, ಎಂಟಕ್ಕೆ 127, ಹತ್ತಕ್ಕೆ 138. ನಮ್ಮಲ್ಲಿ ಎಷ್ಟೋ ಮಕ್ಕಳು ಇದಕ್ಕಿಂತ ಎರಡು ಮೂರು ಸೆಂಟಿಮೀಟರ್ ಕಡಿಮೆಯೇ ಇರಬಹುದು, ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ. ಅಂದರೆ, ಎರಡು ವರ್ಷದ ಆಸುಪಾಸಿನಲ್ಲಿ ಆರಂಭವಾಗುವ ಮಕ್ಕಳ ಟಿಕೆಟ್ ಹತ್ತು ಹನ್ನೊಂದರವರೆಗೆ ನಡೆಯುತ್ತದೆ. ಈ ಎಂಟೊಂಬತ್ತು ವರ್ಷಗಳಲ್ಲಿ ಸರಿಯಾದ ವರ್ಷ ಯಾವುದು ಎಂದು ಟಿಕೆಟ್ ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಮನೆಯವರೇ.

ಒಂದು ಸೆಂಟಿಮೀಟರಿನಲ್ಲಿ ಏನಿದೆ?

ಆಟದ ಬಾಗಿಲಲ್ಲಿ ನಡೆಯುವ ಒಂದು ದೃಶ್ಯ ಎಲ್ಲ ಪಾರ್ಕುಗಳಿಗೂ ಸಾಮಾನ್ಯ. ಮಗುವಿನ ತಲೆ ಗೆರೆಗಿಂತ ಒಂದು ಬೆರಳು ಕೆಳಗಿದೆ. ‘ಒಂದು ಸೆಂಟಿಮೀಟರ್ ತಾನೆ, ಬಿಡಿ ಸ್ವಾಮಿ’ ಎಂದು ತಂದೆ ಅಂಗಲಾಚುತ್ತಾರೆ. ತುದಿಗಾಲಲ್ಲಿ ನಿಲ್ಲುವಂತೆ ತಾಯಿ ಕಣ್ಸನ್ನೆ ಮಾಡುತ್ತಾರೆ. ದಪ್ಪ ಅಟ್ಟೆಯ ಷೂ ಹಾಕಿಸಿಕೊಂಡು ಬಂದವರೂ ಉಂಟು. ಕಾವಲಿನವನು ತಲೆಯಾಡಿಸಿದರೆ ಅವನೇ ಖಳನಾಯಕ.

ನಿಜಕ್ಕೂ ಆ ಗೆರೆ ಬರೆದವನು ಕಾವಲಿನವನಲ್ಲ, ಯಂತ್ರ. ಮೂವತ್ತು ಮೀಟರ್ ಎತ್ತರದಿಂದ ಬಂಡಿ ಕೆಳಗೆ ಧುಮುಕುತ್ತದೆ ಎಂದಿಟ್ಟುಕೊಳ್ಳಿ. ಹೈಸ್ಕೂಲಿನ ಸೂತ್ರದಿಂದಲೇ ಲೆಕ್ಕ ಹಾಕಬಹುದು: ಘರ್ಷಣೆಯನ್ನು ಬಿಟ್ಟರೆ ಬುಡದಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 24 ಮೀಟರ್, ಅಂದರೆ ಗಂಟೆಗೆ 87 ಕಿಲೋಮೀಟರ್. ಆ ವೇಗದಲ್ಲಿ ಬಂಡಿ ಬಳುಕಿ ಮೇಲೇಳುವಾಗ ಕುಳಿತವರಿಗೆ ತಮ್ಮ ತೂಕ ಮೂರು ಪಟ್ಟು, ಕೆಲವು ಕಡೆ ಅದಕ್ಕೂ ಹೆಚ್ಚಾದಂತೆ ಅನಿಸುತ್ತದೆ. ಇಪ್ಪತ್ತು ಕಿಲೋ ತೂಗುವ ಮಗು ಒಂದು ಕ್ಷಣ ಅರವತ್ತು ಕಿಲೋ! ಮತ್ತೆ ದಿಬ್ಬದ ನೆತ್ತಿಯಲ್ಲಿ ತೂಕವೇ ಇಲ್ಲದಂತಾಗಿ ದೇಹ ಆಸನ ಬಿಟ್ಟು ಮೇಲೇಳಲು ನೋಡುತ್ತದೆ. ಆಗ ಹಿಡಿದಿಡುವುದು ತೊಡೆಯ ಮೇಲೆ ಕೂರುವ ಅಡ್ಡಕಂಬಿ, ಇಲ್ಲವೆ ಭುಜದ ಮೇಲಿಂದ ಇಳಿದು ಬರುವ ಪಟ್ಟಿ. ಇಂತಿಷ್ಟು ಎತ್ತರದ ದೇಹಕ್ಕೆಂದೇ ಅವನ್ನು ಅಳೆದು ಮಾಡಿರುತ್ತಾರೆ. ಸಣ್ಣ ದೇಹಕ್ಕೂ ಕಂಬಿಗೂ ನಡುವೆ ಉಳಿಯುವ ಸಂದೇ ಅಪಾಯ. ತುದಿಗಾಲಲ್ಲಿ ನಿಂತು ಗಳಿಸಿದ ಒಂದು ಸೆಂಟಿಮೀಟರ್ ಆಸನದಲ್ಲಿ ಕುಳಿತೊಡನೆ ಮಾಯವಾಗುತ್ತದೆ.

ಇನ್ನೊಂದು ಕಾರಣ ಮಗುವಿನ ಮೈಕಟ್ಟು. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗ. ದೊಡ್ಡವರಲ್ಲಿ ಅದು ಸುಮಾರು ಎಂಟನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ನಡುವಿನ ವರ್ಷಗಳಲ್ಲಿ ಮಗು ತನ್ನ ಮೈಗೆ ಹೋಲಿಸಿದರೆ ದೊಡ್ಡದಾದ ತಲೆಯನ್ನು ಎಳೆಯ ಕುತ್ತಿಗೆಯ ಮೇಲೆ ಹೊತ್ತು ತಿರುಗುತ್ತಿರುತ್ತದೆ. ಹಠಾತ್ತನೆ ತಿರುಗುವ ಬಂಡಿಯಲ್ಲಿ ಆ ಕುತ್ತಿಗೆಗೆ ಬೀಳುವ ಶ್ರಮ ದೊಡ್ಡವರಿಗಿಂತ ಹೆಚ್ಚು. ದೊಡ್ಡವರ ಕುತ್ತಿಗೆಯನ್ನೂ ಎಂಜಿನಿಯರುಗಳು ಮರೆತಿಲ್ಲ. ಹಳೆಯ ಕಾಲದ ಪೂರ್ಣ ವೃತ್ತಾಕಾರದ ಸುತ್ತುಗಳು ಕುತ್ತಿಗೆಯನ್ನು ಜಗ್ಗುತ್ತಿದ್ದವು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಜರ್ಮನಿಯ ಎಂಜಿನಿಯರ್ ವರ್ನರ್ ಸ್ಟೆಂಗಲ್ ಅವರ ಲೆಕ್ಕದಂತೆ ನೀರಿನ ಹನಿಯ ಆಕಾರದ ಸುತ್ತು ಬಂದ ಮೇಲೆ ಆ ಜಗ್ಗಾಟ ಕಡಿಮೆಯಾಯಿತು. ಇಷ್ಟು ಲೆಕ್ಕ ಹಾಕಿ ಎಳೆದ ಗೆರೆಯನ್ನು ಕಣ್ಸನ್ನೆಯಿಂದ ದಾಟಿಸುವುದು ಜಾಣತನವಲ್ಲ.

ಮನಸ್ಸಿನ ಎತ್ತರ

ಅಳತೆಗೋಲು ಹೇಳುವುದು ಒಂದೇ ಮಾತು: ಈ ಯಂತ್ರ ಈ ಮಗುವನ್ನು ಹಿಡಿದಿಡಬಲ್ಲದು. ಮಗು ಅದಕ್ಕೆ ಸಿದ್ಧವಾಗಿದೆ ಎಂದು ಅದು ಹೇಳುವುದಿಲ್ಲ. ಎಷ್ಟೋ ಪೋಷಕರು ಎಡವುವುದು ಇಲ್ಲೇ. ಗೆರೆ ಮುಟ್ಟಿತಲ್ಲ, ಇನ್ನೇನು ಎಂದು ಅಳುವ ಮಗುವನ್ನು ಎತ್ತಿ ಕೂರಿಸುವವರನ್ನು ಕಾಣಬಹುದು.

ಮೂರು ನಾಲ್ಕು ವರ್ಷದ ಮಗುವಿಗೆ ಕತ್ತಲೆಯ ಗುಹೆಯಲ್ಲಿ ಎದುರಾಗುವ ಭೂತ ಬಟ್ಟೆ ತೊಟ್ಟ ಗೊಂಬೆಯಲ್ಲ, ಭೂತವೇ. ದೊಡ್ಡ ತಲೆಯ ವೇಷ ಹಾಕಿ ಕೈಕುಲುಕಲು ಬರುವವನೂ ಅಷ್ಟೇ. ಆರೇಳು ವರ್ಷದ ಹೊತ್ತಿಗೆ ‘ಇದು ಸುಳ್ಳು, ಆದರೂ ಮಜಾ’ ಎನ್ನುವ ತಿಳಿವು ಬಲಿಯುತ್ತದೆ. ಥೀಮ್ ಪಾರ್ಕಿನ ಸಂತೋಷವೆಲ್ಲ ನಿಂತಿರುವುದು ಈ ತಿಳಿವಿನ ಮೇಲೆ. ಹೆದರಿಕೆ ಆಟವಾಗಬೇಕಾದರೆ ಅದು ಆಟ ಎಂದು ಗೊತ್ತಿರಬೇಕು.

ನೆನಪಿನ ಮಾತೂ ಹೀಗೆಯೇ. ದೊಡ್ಡವರನ್ನು ತಮ್ಮ ಅತಿ ಹಳೆಯ ನೆನಪು ಯಾವುದೆಂದು ಕೇಳಿದರೆ ಸಾಮಾನ್ಯವಾಗಿ ಅದು ಮೂರು, ಮೂರೂವರೆ ವರ್ಷದ ಈಚಿನದು. ಅದಕ್ಕೂ ಮೊದಲಿನ ಪ್ರವಾಸ ಆಲ್ಬಮ್ಮಿನಲ್ಲಿ ಉಳಿಯುತ್ತದೆ, ಮಗುವಿನಲ್ಲಿ ಅಲ್ಲ. ಇನ್ನು ಹೊಟ್ಟೆಯ ಸಂಗತಿ. ಒಳಕಿವಿ ‘ತಿರುಗುತ್ತಿದ್ದೇನೆ’ ಎಂದು, ಕಣ್ಣು ಬೇರೇನೋ ಹೇಳಿದಾಗ ಮಿದುಳಿಗೆ ಗೊಂದಲವಾಗಿ ವಾಂತಿ ಬರುತ್ತದೆ. ಎರಡರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಈ ಕಾಟ ಹೆಚ್ಚು. ಘಾಟಿಯ ತಿರುವಿನಲ್ಲಿ ಕಿಟಕಿಯ ಪಕ್ಕ ಜಾಗ ಕೇಳುವ ಮಗುವನ್ನು ಗಿರಗಿರನೆ ತಿರುಗುವ ಬಟ್ಟಲಿನಲ್ಲಿ ಕೂರಿಸುವ ಮೊದಲು ಯೋಚಿಸಬೇಕು.

ಜಾತ್ರೆಯೇ ಪ್ರವೇಶ ಪರೀಕ್ಷೆ

ಹಾಗಾದರೆ ಸಿದ್ಧತೆಯನ್ನು ತಿಳಿಯುವುದು ಹೇಗೆ? ಅದಕ್ಕೆ ಬಿಡದಿಯವರೆಗೆ ಬರಬೇಕಾಗಿಲ್ಲ. ಮನೆಯ ಬಾಗಿಲ ಚೌಕಟ್ಟಿನಲ್ಲಿ ಪೆನ್ಸಿಲಿನಿಂದ 85, 110, 140 ಎಂದು ಗೆರೆ ಎಳೆದು ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ. ಯಾವುದು ಸಿಗುತ್ತದೆ, ಯಾವುದು ಇಲ್ಲ ಎಂದು ಹೊರಡುವ ಮೊದಲೇ ಹೇಳಿದರೆ ಅಲ್ಲಿ ಕಣ್ಣೀರು ಉಳಿಯುತ್ತದೆ.

ಉಳಿದ ಪರೀಕ್ಷೆಗಳು ಊರಲ್ಲೇ ಇವೆ. ಕಬ್ಬನ್ ಪಾರ್ಕಿನ ಪುಟಾಣಿ ರೈಲು, ಮೈಸೂರಿನ ದಸರಾ ವಸ್ತುಪ್ರದರ್ಶನದ ಜೈಂಟ್ ವೀಲ್, ಊರ ಜಾತ್ರೆಯ ತೊಟ್ಟಿಲು, ಕುದುರೆ ಸುತ್ತು. ಇವುಗಳಲ್ಲಿ ಕುಳಿತ ಮಗು ಇಳಿದ ಮೇಲೆ ‘ಇನ್ನೊಂದು ಸಲ’ ಎನ್ನುತ್ತದೆಯೋ, ಅಮ್ಮನ ಸೆರಗು ಹಿಡಿಯುತ್ತದೆಯೋ ಗಮನಿಸಿ. ಒಂದು ಎಚ್ಚರಿಕೆ ಮಾತ್ರ ಬೇಕು. ಎಲ್ಲಿಯೇ ಆಗಲಿ, ತುಕ್ಕು ಹಿಡಿದ, ಸಡಿಲ ಕಂಬಿಯ ಯಂತ್ರ ಕಂಡರೆ ಮಗುವಿನ ಹಠಕ್ಕೆ ಸೋಲಬಾರದು. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾ ಕೆರೆಯ ಬಳಿ ಉಯ್ಯಾಲೆಯಂತೆ ತೂಗುವ ಯಂತ್ರವೊಂದು ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು.

ಮಗು ಎತ್ತಿಕೊಳ್ಳಿ ಎನ್ನದೆ ಲಾಲ್‌ಬಾಗನ್ನು ಒಂದು ಸುತ್ತು ಬರಬಲ್ಲದೆ? ಅರ್ಧ ಗಂಟೆ ಸಾಲಿನಲ್ಲಿ ರಂಪ ಮಾಡದೆ ನಿಲ್ಲಬಲ್ಲದೆ? ಶೌಚಕ್ಕೆ ಹೋಗಬೇಕೆಂದು ಸಮಯಕ್ಕೆ ಸರಿಯಾಗಿ ಹೇಳಬಲ್ಲದೆ? ಗುಂಪಿನಲ್ಲಿ ತಪ್ಪಿಸಿಕೊಂಡರೆ ತನ್ನ ಹೆಸರು, ಅಪ್ಪನ ಹೆಸರು, ಫೋನ್ ನಂಬರ್ ಹೇಳಬಲ್ಲದೆ? ನಾಲ್ಕಕ್ಕೂ ಹೌದು ಎಂದಾದರೆ ಮಗು ಹೊರಡಲು ಸಿದ್ಧ. ಸಾಮಾನ್ಯವಾಗಿ ಈ ಹೌದು ಬರುವುದು ಐದಾರು ವರ್ಷಕ್ಕೆ. ದೊಡ್ಡ ಆಟಗಳಲ್ಲಿ ಅರ್ಧದಷ್ಟಾದರೂ ಸಿಗಬೇಕು, ದಿನವೆಲ್ಲ ನೆನಪಿರಬೇಕು ಎಂದರೆ ಎಂಟೊಂಬತ್ತು ವರ್ಷದವರೆಗೆ ಕಾಯುವುದು ಲೇಸು.

ಅಣ್ಣ ಒಳಗೆ, ತಂಗಿ ಹೊರಗೆ

ಒಂದೇ ಮಗುವಾದರೆ ಲೆಕ್ಕ ಸುಲಭ. ಹತ್ತು ವರ್ಷದ ಅಣ್ಣ, ನಾಲ್ಕು ವರ್ಷದ ತಂಗಿ ಇದ್ದರೆ? ಅಣ್ಣ ಗೆರೆ ದಾಟಿ ಒಳಗೆ ಓಡುತ್ತಾನೆ, ತಂಗಿ ಗೆರೆಯ ಬಳಿ ನಿಂತು ಅಳುತ್ತಾಳೆ. ಇದಕ್ಕೆ ದಾರಿ ಒಂದೇ, ದಿನವನ್ನು ಹಂಚಿಕೊಳ್ಳುವುದು. ಬೆಳಗಿನ ಹೊತ್ತು ತಂದೆ ಮಗನೊಂದಿಗೆ, ತಾಯಿ ಮಗಳೊಂದಿಗೆ ಮಕ್ಕಳ ಆಟಗಳಲ್ಲಿ. ಊಟದ ನಂತರ ಅದಲುಬದಲು. ಕೊನೆಗೆ ಎಲ್ಲರೂ ಒಟ್ಟಿಗೆ ಆಳವಿಲ್ಲದ ನೀರಿಗೆ. ನೀರಿನಲ್ಲಿ ಮಾತ್ರ ಎತ್ತರದ ಭರವಸೆ ಸಾಲದು. ಮೊಣಕಾಲುದ್ದದ ನೀರಲ್ಲೂ ಸಣ್ಣ ಮಗು ಸದ್ದಿಲ್ಲದೆ ಮುಳುಗಬಲ್ಲದು. ಕಾವಲಿನವರು ಎಷ್ಟೇ ಇದ್ದರೂ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರದಲ್ಲಿ ಇರಲೇಬೇಕು.

ಅಮೆರಿಕದ ವಾಲ್ಟ್ ಡಿಸ್ನಿ ಶನಿವಾರಗಳಂದು ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರಂತೆ. ಮಕ್ಕಳು ಕುದುರೆ ಸುತ್ತಿನಲ್ಲಿ ಕುಳಿತರೆ ತಂದೆಗೆ ಬೆಂಚೇ ಗತಿ. ದೊಡ್ಡವರೂ ಮಕ್ಕಳೂ ಕೂಡಿ ಆಡುವ ಜಾಗವೊಂದು ಏಕಿರಬಾರದು ಎಂಬ ಯೋಚನೆ ತಮಗೆ ಅಲ್ಲಿ ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಅದರ ಫಲ. ಮಗುವನ್ನು ಒಳಗೆ ಬಿಟ್ಟು ಬೆಂಚಿನ ಮೇಲೆ ಮೊಬೈಲ್ ನೋಡುತ್ತ ಕೂರುವವರು ಇದನ್ನು ನೆನೆಯಬೇಕು.

‘ಬೇಡ’ ಎನ್ನುವ ಧೈರ್ಯ

ಶಾಲಾ ಪ್ರವಾಸದಲ್ಲಿ ಬರುವ ಹೈಸ್ಕೂಲಿನ ವಿದ್ಯಾರ್ಥಿಗಳಿಗೆ ಎತ್ತರದ ಸಮಸ್ಯೆ ಇಲ್ಲ. ಅವರ ಕಷ್ಟ ಬೇರೆ. ಗೆಳೆಯರು ಹತ್ತಿದ್ದಾರೆ, ಹತ್ತದಿದ್ದರೆ ‘ಪುಕ್ಕಲ’ ಎನ್ನುತ್ತಾರೆ. ಆಸ್ತಮಾ ಇದ್ದರೂ, ಹೃದಯದ ತೊಂದರೆ ಇದ್ದರೂ, ಮೊನ್ನೆ ತಾನೆ ಕೈಯ ಪ್ಲಾಸ್ಟರ್ ಬಿಚ್ಚಿದ್ದರೂ ಬಾಯಿ ಬಿಡದವರಿದ್ದಾರೆ. ಗೆಳೆಯರೆಲ್ಲರ ಎದುರು ‘ನನಗೆ ಬೇಡ’ ಎನ್ನಲು ಬೇಕಾಗುವ ಧೈರ್ಯ ರೋಲರ್ ಕೋಸ್ಟರ್ ಹತ್ತುವ ಧೈರ್ಯಕ್ಕಿಂತ ದೊಡ್ಡದು. ಚಿಕ್ಕ ಮಗುವಿನ ‘ಬೇಡ’ಕ್ಕೂ ಇದೇ ಮರ್ಯಾದೆ ಸಲ್ಲಬೇಕು. ದುಡ್ಡು ಕೊಟ್ಟಾಗಿದೆ ಎಂಬುದು ಮಗುವನ್ನು ಹೆದರಿಸಲು ಕಾರಣವಲ್ಲ. ಇಂದು ಬೇಡವೆಂದ ಮಗು ಎರಡು ವರ್ಷದ ನಂತರ ತಾನೇ ಮುಂದಿನ ಸಾಲಿನಲ್ಲಿ ಜಾಗ ಕೇಳೀತು. ಬಲವಂತದಿಂದ ಕೂರಿಸಿಕೊಂಡ ಮಗು ಮತ್ತೆ ಹತ್ತಲು ಒಪ್ಪದೆಯೂ ಇರಬಹುದು.

ಹೋಗುವವರಿಗೆ

ಮೈಸೂರು ರಸ್ತೆಯಲ್ಲಿ ಬಸ್ಸುಗಳಿಗೆ ಕೊರತೆಯಿಲ್ಲ. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗದ ಮೆಟ್ರೋ ಚಲ್ಲಘಟ್ಟದವರೆಗೆ ಬರುತ್ತದೆ, ಅಲ್ಲಿಂದ ಮುಂದೆ ರಸ್ತೆಯ ಪ್ರಯಾಣ. ಬೇಸಿಗೆ ರಜೆಯ ಭಾನುವಾರಗಳಲ್ಲಿ ಸಾಲು ಉದ್ದ, ಸಾಧ್ಯವಾದರೆ ವಾರದ ನಡುವಿನ ದಿನ ಒಳ್ಳೆಯದು. ನೀರಿನ ಆಟಕ್ಕೆ ಹತ್ತಿಯ ಬಟ್ಟೆ ನಡೆಯದು, ನೈಲಾನ್ ಅಥವಾ ಪಾಲಿಯೆಸ್ಟರ್ ಬೇಕು. ತಿರುಗುವ ಆಟಗಳಿಗೆ ಮೊದಲು ಹೊಟ್ಟೆ ತುಂಬ ತಿನ್ನಿಸದಿರುವುದು ಲೇಸು.

ಮಗು ಇನ್ನೂ ಚಿಕ್ಕದು ಎನಿಸಿದವರು ಪೆಚ್ಚಾಗಬೇಕಿಲ್ಲ. ಅದೇ ರಸ್ತೆಯಲ್ಲಿ ಇನ್ನಷ್ಟು ದೂರ ಹೋದರೆ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು 1994ರಲ್ಲಿ ಕಟ್ಟಿದ ಜಾನಪದ ಲೋಕವಿದೆ. ಅಲ್ಲಿ ಬೀಸುವ ಕಲ್ಲು, ಒನಕೆ, ತೊಗಲುಗೊಂಬೆಗಳನ್ನು ನೋಡಲು ಯಾವ ಎತ್ತರವೂ ಬೇಕಿಲ್ಲ. ಇನ್ನೂ ಮುಂದಕ್ಕೆ ಚನ್ನಪಟ್ಟಣ, ಅರಗಿನ ಬಣ್ಣದ ಗೊಂಬೆಗಳ ಊರು. ಅಲ್ಲಿಂದ ಒಂದು ಬುಗುರಿ ಕೊಂಡು ಬಂದರೆ ಮೂರು ವರ್ಷದ ಮಗುವಿಗೆ ತಿರುಗುವ ಆಟ ಅಷ್ಟೇ ಸಾಕು. ಬಾಗಿಲ ಚೌಕಟ್ಟಿನ ಪೆನ್ಸಿಲ್ ಗೆರೆ ಎಲ್ಲಿಗೂ ಹೋಗುವುದಿಲ್ಲ. ಮಗು ವರ್ಷಕ್ಕೆ ಐದಾರು ಸೆಂಟಿಮೀಟರಿನಂತೆ ಅದರ ಕಡೆಗೆ ಬೆಳೆಯುತ್ತಲೇ ಇರುತ್ತದೆ.