ನಡುವಿನ ಬೋಲ್ಟಿನಿಂದ

"ನೀವೂ ಏನಾದರೂ ಬರೆದುಕೊಡಿ" ಎಂದು ಸಂಪಾದಕರು ಮೂರು ಸಂಚಿಕೆಗಳಿಂದ ಕೇಳುತ್ತಲೇ ಇದ್ದಾರೆ. ಕಥೆ, ಕವನ ನನ್ನ ಕೈಗೆ ಒಗ್ಗಿದ್ದಲ್ಲ. ಒಗ್ಗಿದ್ದು ಸ್ಪ್ಯಾನರು, ಅದೂ ಒಂದು ಪೆಟ್ಟು ತಿಂದ ಮೇಲೆ. ಆ ಪೆಟ್ಟಿನ ಸಂಗತಿಯನ್ನೇ ಬರೆಯುತ್ತೇನೆ.

1986ರ ಮಾತು. ಆಗ ನಾವು ಪಂಗಾನಿಯಲ್ಲಿದ್ದೆವು. ನಮ್ಮದು ಹಳೆಯ ಪ್ಯೂಜೋ 504. 1975ರಲ್ಲೂ 1978ರಲ್ಲೂ ಸಫಾರಿ ರ‍್ಯಾಲಿ ಗೆದ್ದ ಹೆಸರು ಅದು. ಮನೆಮುಂದೆ ನಿಂತಿದ್ದರೆ ಒಡೆಯನಿಗೂ ತುಸು ಜಂಬ. ಆದರೆ ನಮ್ಮ ಗಾಡಿ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಕುಡಿಯತೊಡಗಿತ್ತು. ಇಂಜಿನ್ ಬಿಚ್ಚಿ ನಾನೇ ಸರಿಮಾಡುತ್ತೇನೆಂದು ಹೊರಟೆ. ಹನ್ನೆರಡು ವರ್ಷದ ಮಗ ಸಹಾಯಕ.

ಮೂರು ಭಾನುವಾರ ಹಿಡಿಯಿತು. ಕೊನೆಗೆ ಉಳಿದದ್ದು ಸಿಲಿಂಡರ್ ಹೆಡ್ ಕೂರಿಸುವುದು. ಹೊತ್ತು ಮುಳುಗಿತ್ತು. ಮುಂದಿನ ಶನಿವಾರ ಮೊಂಬಾಸಾಕ್ಕೆ ಹೋಗುವುದೆಂದು ಮನೆಯಲ್ಲಿ ಮಾತು ಕೊಟ್ಟಾಗಿತ್ತು. ಮಗ ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಪುಸ್ತಕ ಹಿಡಿದು, "ಅಪ್ಪಾ, ನಡುವಿನ ಬೋಲ್ಟಿನಿಂದ ಶುರುಮಾಡಬೇಕಂತೆ, ಸ್ವಲ್ಪ ಸ್ವಲ್ಪವೇ ಬಿಗೀಬೇಕಂತೆ" ಎಂದ.

"ಪುಸ್ತಕ ಓದಿ ಯಾರೂ ಫುಂಡಿ ಆಗೋದಿಲ್ಲ. ಟಾರ್ಚ್ ಸರಿಯಾಗಿ ಹಿಡಿ" ಎಂದು ಗದರಿದೆ. ಒಂದು ತುದಿಯಿಂದ ಹಿಡಿದು, ಒಂದೊಂದನ್ನೂ ಒಂದೇ ಸಲಕ್ಕೆ, ತೋಳಿನಲ್ಲಿದ್ದ ಬಲವನ್ನೆಲ್ಲ ಹಾಕಿ ಬಿಗಿದೆ.

ಮೊಂಬಾಸಾಕ್ಕೆ ಇಳಿಯುವಾಗ ಏನೂ ಆಗಲಿಲ್ಲ. ಆದರೆ ಮೊಂಬಾಸಾ ಸಮುದ್ರದ ಮಟ್ಟ. ನೈರೋಬಿ 1,600 ಮೀಟರಿಗೂ ಎತ್ತರ. ಹಿಂತಿರುಗುವಾಗ ನಡುದಾರಿಯ ಮ್ಟಿಟೋ ಆಂಡೇಯಿ ಸಮೀಪಿಸುತ್ತಿದ್ದಂತೆ ಬಿಸಿಯ ಮುಳ್ಳು ಕೆಂಪಿಗೆ ಹೋಯಿತು, ಹೊಗೆಕೊಳವೆಯಿಂದ ಬಿಳಿ ಆವಿ. ಕಡ್ಡಿ ಎಳೆದು ನೋಡಿದರೆ ಎಣ್ಣೆ ಹಾಲು ಬೆರೆಸಿದ ಕಾಫಿಯಂತಾಗಿದೆ! ಕತ್ತಲಾಯಿತು. ಸುತ್ತಲೂ ತ್ಸಾವೋ ಕಾಡು. ಒಳಗೆ ಹೆಂಡತಿ, ಮಗ, ನಾಲ್ಕು ವರ್ಷದ ಮಗಳು. ಪುಣ್ಯಾತ್ಮನೊಬ್ಬ ಲಾರಿ ನಿಲ್ಲಿಸುವ ಹೊತ್ತಿಗೆ ಮೂರು ಗಂಟೆ ಕಳೆದಿತ್ತು. ಆ ಕತ್ತಲೆಯಲ್ಲಿ ಮಗ ಮೆಲ್ಲಗೆ ಕೇಳಿದ: "ಅಪ್ಪಾ, ನಾನು ಟಾರ್ಚ್ ಸರಿಯಾಗಿ ಹಿಡೀಲಿಲ್ಲ ಅಂತ ಹೀಗಾಯ್ತಾ?"

ನಾನು ಉತ್ತರ ಕೊಡಲಿಲ್ಲ.

ಗಾಡಿಯನ್ನು ಎಳೆಸಿಕೊಂಡು ತಂದು ಕಿರಿನ್ಯಾಗಾ ರಸ್ತೆಯ (ಹಳಬರಿಗೆ ಅದು ಗ್ರೋಗನ್ ರಸ್ತೆ) ಒಬ್ಬ ಮುದಿ ಫುಂಡಿಯ ಬಳಿ ಹೋದೆ. ಆತ ಹೆಡ್ ಬಿಚ್ಚಿ, ಅದರ ಮೇಲೆ ನೇರಪಟ್ಟಿ ಇಟ್ಟು, ಕೆಳಗೆ ತೆಳು ಉಕ್ಕಿನ ಎಸಳು ತೂರಿಸಿ ತೋರಿಸಿದ. ಹೆಡ್ ಬಾಗಿತ್ತು. "ಹರಾಕಾ ಹರಾಕಾ ಹೈನಾ ಬರಾಕಾ" ಎಂದು ನಕ್ಕ. ಅವಸರಕ್ಕೆ ಬರಕತ್ತಿಲ್ಲ. ನಮ್ಮಲ್ಲೂ ಉಂಟಲ್ಲ, ಆತುರಗಾರನಿಗೆ ಬುದ್ಧಿ ಮಟ್ಟ!

ಆತನಿಂದ ಕಲಿತದ್ದನ್ನು ಸೋದರಿಯರಿಗೂ ತಿಳಿಯುವಂತೆ ಹೇಳುತ್ತೇನೆ. ಕುಕ್ಕರಿನ ಮುಚ್ಚಳಕ್ಕೆ ಗ್ಯಾಸ್ಕೆಟ್ ಇದ್ದಂತೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಒಂದು ಗ್ಯಾಸ್ಕೆಟ್. ಒಂದೆಡೆ ಬೆಂಕಿ, ಒಂದೆಡೆ ನೀರು, ಒಂದೆಡೆ ಎಣ್ಣೆ. ಮೂರೂ ಬೆರೆಯದಂತೆ ತಡೆಯುವುದು ಅದೊಂದೇ. ಹೊದಿಕೆಯ ಸುಕ್ಕು ತೆಗೆಯಲು ನಡುವಿನಿಂದ ಅಂಚಿಗೆ ಕೈ ಸವರುತ್ತೇವಲ್ಲವೆ? ಬೋಲ್ಟುಗಳನ್ನೂ ಹಾಗೆಯೇ ನಡುವಿನಿಂದ ಆರಂಭಿಸಿ, ಎರಡೂ ಕಡೆಗೆ ಸರದಿಯಂತೆ ಹೊರಕ್ಕೆ ಬಿಗಿಯಬೇಕು. ಅದೂ ಎರಡು ಮೂರು ಸುತ್ತಿನಲ್ಲಿ.

ಬೋಲ್ಟು ನಿಜವಾಗಿ ಒಂದು ಸ್ಪ್ರಿಂಗು. ತುಸು ಹಿಗ್ಗಿದರೇ ಅದು ಹಿಡಿದಿಡುವುದು. ಆದರೆ ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲಷ್ಟೇ ಹಿಗ್ಗಿಸಲು ಒದಗುತ್ತದೆ. ಉಳಿದದ್ದೆಲ್ಲ ಎಳೆಗಳ ಮತ್ತು ತಲೆಯ ಕೆಳಗಿನ ತಿಕ್ಕಾಟಕ್ಕೆ ಹೋಗುತ್ತದೆ. ಎಳೆಯಲ್ಲಿ ಕೊಳೆಯಿದ್ದರೆ ಕೈಗೆ ಬಿಗಿಯೆನಿಸಿದ್ದು ಒಳಗೆ ಸಡಿಲವೇ. ಆದ್ದರಿಂದ ಎಳೆಗಳನ್ನು ಶುಚಿಮಾಡಿ, ತೆಳುವಾಗಿ ಎಣ್ಣೆ ಸವರಬೇಕು. ತಳ ಮುಚ್ಚಿದ ತೂತಿನಲ್ಲಿ ಮಾತ್ರ ಎಣ್ಣೆಯಾಗಲಿ ನೀರಾಗಲಿ ನಿಂತಿರಬಾರದು. ದ್ರವ ಕುಗ್ಗುವುದಿಲ್ಲ, ಬ್ಲಾಕೇ ಸೀಳೀತು. ತೋಳನ್ನು ನಂಬದೆ ಟಾರ್ಕ್ ರೆಂಚನ್ನೇ ನಂಬಬೇಕು.

ಬಾಗಿದ ಹೆಡ್ಡನ್ನು ತರಿಸಿ ಸಮಮಾಡಿಸಿದ ಮೇಲೆ, ಮುಂದಿನ ಭಾನುವಾರ ಮತ್ತೆ ಕೂತೆವು. ಈ ಸಲ ನಾನು ಟಾರ್ಚ್ ಹಿಡಿದೆ. ಬಾಡಿಗೆಗೆ ತಂದ ರೆಂಚು ಮಗನ ಕೈಯಲ್ಲಿತ್ತು. ಪುಸ್ತಕದಲ್ಲಿದ್ದ ಅಂಕಿಗಳಂತೆಯೇ ಒಂದೊಂದು ಬೋಲ್ಟಿಗೂ 'ಕ್ಲಿಕ್' ಎನ್ನುವವರೆಗೆ ಬಿಗಿದ, ಒಂದಿಷ್ಟೂ ಹೆಚ್ಚಿಲ್ಲ. ಇಂಜಿನ್ ಬಿಸಿಮಾಡಿ, ರಾತ್ರಿಯಿಡೀ ಆರಲು ಬಿಟ್ಟು, ಬೆಳಿಗ್ಗೆ ಒಂದೊಂದನ್ನೇ ಕಾಲು ಸುತ್ತು ಸಡಿಲಿಸಿ, ಅದೇ ಸರದಿಯಲ್ಲಿ ಮತ್ತೆ ಬಿಗಿದ. ಇಂದಿನ ಎಷ್ಟೋ ಇಂಜಿನುಗಳ ಪದ್ಧತಿ ಬೇರೆ. ಇಷ್ಟು ಬಿಗಿದ ಮೇಲೆ ಇಷ್ಟು ಡಿಗ್ರಿ ತಿರುಗಿಸಬೇಕು, ಬೋಲ್ಟನ್ನು ಎರಡನೇ ಸಲ ಬಳಸಬಾರದು ಎಂದಿರುತ್ತದೆ. ಆದ್ದರಿಂದ ನಿಮ್ಮ ಗಾಡಿಯ ಪುಸ್ತಕವನ್ನೇ ಕೇಳಿ, ನನ್ನನ್ನಲ್ಲ.

ಆಮೇಲೆ ಆ ಗಾಡಿ ಎಷ್ಟೋ ಸಲ ಮೊಂಬಾಸಾದ ದಾರಿ ಹತ್ತಿ ಬಂತು. ನಾವು ಪಂಗಾನಿ ಬಿಟ್ಟು ಬಹಳ ಕಾಲವಾಯಿತು. ಮಗನಿಗೆ ಈಗ ಅವನದೇ ಸಂಸಾರ. ರೆಂಚು ಅವನ ಕೈಗೆ ಕೊಟ್ಟಲ್ಲಿಗೆ ಲೆಕ್ಕ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ಆ ರಾತ್ರಿ ಅವನು ಕೇಳಿದ್ದಕ್ಕೆ ಬಾಯಿಬಿಟ್ಟು ಉತ್ತರ ಹೇಳಲೇ ಇಲ್ಲ. ಈ ಸಂಚಿಕೆ ಅವನ ಮನೆಗೂ ಹೋಗುತ್ತದೆ, ಅದಕ್ಕೇ ಬರೆದೆ.

ಮಗೂ, ಟಾರ್ಚನ್ನು ನೀನು ಸರಿಯಾಗಿಯೇ ಹಿಡಿದಿದ್ದೆ.